ಚಲಿಸುವ ಗೊಂಬೆಗಳನ್ನು ಮನೆಯಲ್ಲಿಯೇ ಮಾಡುವ ಬಗೆ



ಭಾದ್ರಪದ ಮಾಸ ಬಂತೆಂದರೆ ಹೈದರಾಬಾದಿನ ಓಣಿ ಓಣಿಗಳಲ್ಲಿ ಗಣಪತಿಯ ಮಂಟಪಗಳು ಏಳುವುವು. ಖೈರತಾಬಾದಿನಲ್ಲಿ ೧೯೫೪ರಲ್ಲಿ ಒಂದು ಅಡಿಯ ಮೂರ್ತಿಯಿಂದ ಮೊದಲಾದ ಉತ್ಸವವು ೨೦೨೪ರಲ್ಲಿ ೭೦ ಅಡಿಯ ಮೂರ್ತಿಯವರೆಗೆ ಬೆಳೆಯಿತು. ತಿಂಗಳ ಸಂಬಳದಲ್ಲಿ ವಂತಿಗೆ ಕೊಡುವ ನಾವು ಆ ಎತ್ತರಕ್ಕೆ ಏರಲಾರೆವು, ಏರಬೇಕಾದುದೂ ಇಲ್ಲ. ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಬಂದವರಿಗೆ ಒಂದು ಮಾತು ಗೊತ್ತುಂಟು. ಚಿಕ್ಕ ಮಂಟಪವಾದರೂ ಅದರಲ್ಲಿ ಭೀಮನ ಕೈ ಮೇಲೆದ್ದು ಬಾಯಿಗೆ ಹೋಯಿತೆಂದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಇಂಥ ಚಲಿಸುವ ರೂಪಕಗಳನ್ನು ಬಾಡಿಗೆಗೆ ತರುವುದಾದರೆ ವಂತಿಗೆಯ ಹೆಚ್ಚಿನ ಪಾಲು ಅದಕ್ಕೇ ಹೋಗುವುದು. ಮನೆಯಲ್ಲಿ ಮಾಡುವುದಾದರೆ ಬೇಕಾದ ಸಾಮಾನು ಸ್ವಲ್ಪ. ಬೇಕಾದ ತಿಳಿವಳಿಕೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆ ತಿಳಿವಳಿಕೆಯನ್ನು ಮೆಟ್ರಿಕ್ ಓದಿದವರಿಗೆ ಅರ್ಥವಾಗುವಂತೆ ಹೇಳುವುದೇ ಈ ಪಾಠದ ಉದ್ದೇಶ.

ಪಾಠದ ಸಾರವನ್ನು ಮೊದಲೇ ಹೇಳಿಬಿಡುವೆನು. ಗೊಂಬೆಯನ್ನು ಹಗುರಾಗಿ ಮಾಡಿ, ಅದರ ಅಂಗವನ್ನು ತಕ್ಕಡಿಯಂತೆ ತೂಗಿಸಿಕೊಂಡರೆ ಸಣ್ಣ ಮೋಟಾರು ಸಾಕು. ಸಣ್ಣ ಮೋಟಾರು ಸಾಕಾದರೆ ೧೨ ವೋಲ್ಟು ಸಾಕು. ೧೨ ವೋಲ್ಟು ಸಾಕಾದರೆ ಮನೆಯ ೨೩೦ ವೋಲ್ಟಿನ ತಂತಿಯು ಗೊಂಬೆಯ ಹತ್ತಿರಕ್ಕೆ ಬರಬೇಕಾಗಿಲ್ಲ. ಹೀಗೆ ಖರ್ಚನ್ನು ಉಳಿಸುವ ದಾರಿಯೂ ಜೀವವನ್ನು ಉಳಿಸುವ ದಾರಿಯೂ ಒಂದೇ ಆಗಿವೆ.

೧. ಹಿಂದಿನವರ ಯಂತ್ರದ ಗೊಂಬೆಗಳು

ನಮ್ಮ ಊರಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಡಿಯಾರವನ್ನು ನೋಡದವರು ವಿರಳ. ಗಂಟೆಗೊಮ್ಮೆ ಬಾಗಿಲು ತೆರೆದು ಒಬ್ಬ ಪುಟ್ಟ ಮನುಷ್ಯನು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುವನು. ಮಧ್ಯಾಹ್ನ ಹನ್ನೆರಡಕ್ಕೆ ಅದರ ಮುಂದೆ ದೊಡ್ಡ ಗುಂಪೇ ಕೂಡುವುದು. ಕಲ್ಕತ್ತೆಯ ಕುಕ್ ಮತ್ತು ಕೆಲ್ವೆ ಕಂಪನಿಯ ಗಡಿಯಾರವದು. ಅದಕ್ಕಿಂತ ಹಳೆಯದು ನಮ್ಮ ನಾಡಿನ ಟಿಪ್ಪುವಿನ ಹುಲಿ. ಮರದ ಹುಲಿಯೊಂದು ಮನುಷ್ಯನ ಮೇಲೆ ಎರಗಿರುವಂತೆ ಅದನ್ನು ಮಾಡಿದ್ದಾರೆ. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೆ ಕೆಳಗೆ ಆಡುವುದು. ಒಳಗಿನ ತಿದಿಗಳಿಂದ ಹುಲಿಯ ಗರ್ಜನೆಯೂ ಮನುಷ್ಯನ ಕೂಗೂ ಹೊರಡುವುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಅದನ್ನು ಒಯ್ದರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಅಮೆರಿಕದಲ್ಲಿ ಅಕ್ಟೋಬರ್ ೩೧ರ ರಾತ್ರಿ ಹ್ಯಾಲೋವೀನ್ ಎಂಬ ಹಬ್ಬವುಂಟು. ಅಂದು ಮನೆಗಳ ಮುಂದೆ ಎದ್ದು ಕೂರುವ ಅಸ್ಥಿಪಂಜರ, ತಲೆ ತಿರುಗಿಸುವ ಭೂತ ಮೊದಲಾದುವನ್ನು ನಿಲ್ಲಿಸಿ ಮಕ್ಕಳನ್ನು ಬೆದರಿಸಿ ನಗಿಸುವರು. ಅಲ್ಲಿಯ ಅನೇಕ ಗೃಹಸ್ಥರು ಇದಕ್ಕೆ ಹಳೆಯ ಕಾರಿನ ವೈಪರ್ ಮೋಟಾರನ್ನೇ ಬಳಸುವರು. ಮಳೆಯ ನೀರನ್ನು ಗಾಜಿನಿಂದ ಒರೆಸುವ ವೈಪರಿಗೆ ೧೯೦೩ರಲ್ಲಿ ಪೇಟೆಂಟು ಪಡೆದವಳು ಮೇರಿ ಆಂಡರ್ಸನ್ ಎಂಬ ಅಮೆರಿಕದ ಮಹಿಳೆ. ಆಗ ಅದನ್ನು ಕೈಯಿಂದ ಎಳೆಯುತ್ತಿದ್ದರು; ಮೋಟಾರು ಸೇರಿದ್ದು ಆಮೇಲೆ. ಟಿಪ್ಪುವಿನ ಹುಲಿಯ ಹಿಡಿಕೆಯ ಜಾಗದಲ್ಲಿ ಈ ಮೋಟಾರನ್ನು ಇಟ್ಟುಕೊಂಡರೆ ನಮ್ಮ ಕೆಲಸವೂ ಆಗುವುದು.

೨. ತಿರುಗುವುದನ್ನು ತೂಗುವುದಾಗಿ ಮಾಡುವುದು

ಮೋಟಾರಿಗೆ ಬರುವುದು ತಿರುಗುವುದೊಂದೇ. ಗೊಂಬೆಯ ಕೈಯಾದರೋ ಹೋಗಿ ಬರಬೇಕು. ಒಂದನ್ನು ಇನ್ನೊಂದಾಗಿ ಮಾಡುವ ಉಪಾಯವನ್ನು ದರ್ಜಿಯ ಅಂಗಡಿಯಲ್ಲಿ ನೋಡಬಹುದು. ಹೊಲಿಗೆ ಯಂತ್ರದ ಕೆಳಗೆ ಕಾಲಿನ ಹಲಗೆ ಮೇಲೆ ಕೆಳಗೆ ಆಡುವುದು. ಅದಕ್ಕೆ ಸೇರಿದ ಸರಳು ದೊಡ್ಡ ಗಾಲಿಯನ್ನು ತಿರುಗಿಸುವುದು. ನಮಗೆ ಬೇಕಾದುದು ಇದರ ತಿರುಗುಮುರುಗು: ಗಾಲಿ ತಿರುಗಿ ಹಲಗೆಯನ್ನು ಆಡಿಸಬೇಕು.

ಇದಕ್ಕೆ ಮೂರು ತುಂಡುಗಳು ಸಾಕು. ಮೋಟಾರಿನ ಅಚ್ಚಿಗೆ ಬಿಗಿದ ಒಂದು ಗಿಡ್ಡ ಕಬ್ಬಿಣದ ಪಟ್ಟಿ. ಇದನ್ನು ಕ್ರ್ಯಾಂಕು ಎನ್ನುವರು. ಗೊಂಬೆಯ ಅಂಗಕ್ಕೆ ಸೇರಿದ ಇನ್ನೊಂದು ಪಟ್ಟಿ. ಇದನ್ನು ಸನ್ನೆ ಎನ್ನೋಣ. ಇವೆರಡನ್ನೂ ಕೂಡಿಸುವ ಉದ್ದನೆಯ ಸರಳು. ಸಣ್ಣ ಗೊಂಬೆಗೆ ಸೈಕಲ್ಲಿನ ಸ್ಪೋಕು ಒಳ್ಳೆಯ ಸರಳಾಗುವುದು.

ಇಲ್ಲಿ ಒಂದು ನಿಯಮವನ್ನು ಬಾಯಿಪಾಠ ಮಾಡತಕ್ಕದ್ದು: ಕ್ರ್ಯಾಂಕು ಯಾವಾಗಲೂ ಸನ್ನೆಗಿಂತ ಗಿಡ್ಡದಾಗಿರಬೇಕು. ಕ್ರ್ಯಾಂಕು ೩ ಸೆಂ.ಮೀ., ಸನ್ನೆ ೬ ಸೆಂ.ಮೀ. ಇದ್ದರೆ ಅಂಗವು ಸುಮಾರು ೬೦ ಅಂಶ ಆಡುವುದು. ಕ್ರ್ಯಾಂಕನ್ನು ೨ ಸೆಂ.ಮೀ. ಮಾಡಿದರೆ ಆಟವು ಸುಮಾರು ೪೦ ಅಂಶಕ್ಕೆ ಇಳಿಯುವುದು. ಎರಡನ್ನೂ ಸಮ ಮಾಡಿದರೆ ಅಥವಾ ಕ್ರ್ಯಾಂಕನ್ನೇ ಉದ್ದ ಮಾಡಿದರೆ ಅರ್ಧ ದಾರಿಯಲ್ಲಿ ಎಲ್ಲವೂ ಸಿಕ್ಕಿಕೊಂಡು ಸರಳು ಬಾಗುವುದು. ಸರಳಿನ ಉದ್ದವು ಕ್ರ್ಯಾಂಕಿನ ಐದಾರು ಪಟ್ಟು ಇದ್ದರೆ ಆಟ ನಯವಾಗಿರುವುದು.

ಕೂಡುವ ಜಾಗಗಳಲ್ಲಿ ಬೋಲ್ಟಿಗೆ ಎರಡು ನಟ್ಟುಗಳನ್ನು ಒಂದರ ಮೇಲೊಂದು ಬಿಗಿಯಿರಿ. ಒಂದೇ ನಟ್ಟು ಹಾಕಿದರೆ ಅದು ತಿರುಗಿ ತಿರುಗಿ ಎರಡನೆಯ ದಿನಕ್ಕೆ ಬಿಚ್ಚಿಕೊಳ್ಳುವುದು. ನಡುವೆ ವಾಶರು ಇಟ್ಟು ಸ್ವಲ್ಪ ಗ್ರೀಸು ಹಚ್ಚಿರಿ.

೩. ಏತದ ಪಾಠ

ಊರಿನಲ್ಲಿ ಏತದಿಂದ ನೀರೆತ್ತುವುದನ್ನು ಹಿರಿಯರು ನೋಡಿರುವರು. ಉದ್ದನೆಯ ಮರದ ಒಂದು ತುದಿಗೆ ಬಾನಿ, ಹಿಂದಿನ ಗಿಡ್ಡ ತುದಿಗೆ ಕಲ್ಲು. ಆ ಕಲ್ಲಿಲ್ಲದೆ ಏತ ಹೊಡೆಯುವವನ ಬೆನ್ನು ಮುರಿದೀತು. ಗೊಂಬೆಯ ಕೈಗೂ ಇದೇ ನ್ಯಾಯ.

ಬಕಾಸುರನಿಗೆ ಒಯ್ದ ಬಂಡಿ ಅನ್ನವನ್ನು ತಾನೇ ಕುಳಿತು ಉಣ್ಣುವ ಭೀಮನ ಗೊಂಬೆಯನ್ನು ತೆಗೆದುಕೊಳ್ಳೋಣ. ಮೊಣಕೈಯಿಂದ ಮುಂದಿನ ಭಾಗ, ಕೈಯಲ್ಲಿನ ಲಾಡು ಸಹಿತ, ೬೦೦ ಗ್ರಾಂ ತೂಗುವುದೆಂದು ಇಟ್ಟುಕೊಳ್ಳಿ. ಇದರ ತೂಕದ ಮಧ್ಯವು ಮೊಣಕೈಯಿಂದ ೩೦ ಸೆಂ.ಮೀ. ದೂರದಲ್ಲಿದೆ. ಹಾಗಾದರೆ ಕೈಯನ್ನು ಎತ್ತಲು ಬೇಕಾಗುವ ತಿರುಗುಬಲವು ೦.೬ × ೩೦ = ೧೮ ಕೆ.ಜಿ.ಸೆಂ.ಮೀ. ಸನ್ನೆಯು ೬ ಸೆಂ.ಮೀ. ಇದ್ದರೆ ಸರಳಿನ ಮೇಲೆ ೧೮ ÷ ೬ = ೩ ಕೆ.ಜಿ. ಎಳೆತ ಬೀಳುವುದು. ೩ ಸೆಂ.ಮೀ. ಕ್ರ್ಯಾಂಕಿನ ಮೂಲಕ ಮೋಟಾರು ಕೊಡಬೇಕಾದುದು ಸುಮಾರು ೯ ಕೆ.ಜಿ.ಸೆಂ.ಮೀ. ಪೇಟೆಯಲ್ಲಿ ೧೦ ಕೆ.ಜಿ.ಸೆಂ.ಮೀ. ಎಂದು ಮಾರುವ ಸಣ್ಣ ಗೇರ್ ಮೋಟಾರು ಇಷ್ಟಕ್ಕೇ ಏದುಸಿರು ಬಿಡುವುದು.

ಈಗ ಏತದ ಕಲ್ಲನ್ನು ಕಟ್ಟಿರಿ. ಮೊಣಕೈಯ ಹಿಂದಕ್ಕೆ ೧೦ ಸೆಂ.ಮೀ. ಪಟ್ಟಿಯನ್ನು ಚಾಚಿ ಅದರ ತುದಿಗೆ ೧.೫ ಕೆ.ಜಿ. ಮರಳಿನ ಚೀಲವನ್ನು ತೂಗಹಾಕಿ, ಭೀಮನ ಉತ್ತರೀಯದಿಂದ ಮುಚ್ಚಿಬಿಡಿ. ಹಿಂದಿನ ಬಲ ೧.೫ × ೧೦ = ೧೫. ಉಳಿಯುವುದು ೩ ಮಾತ್ರ. ಸರಳಿನ ಎಳೆತ ಅರ್ಧ ಕೆ.ಜಿ.ಗೆ ಇಳಿಯಿತು, ಮೋಟಾರಿನ ಮೇಲಿನ ಭಾರ ಒಂದೂವರೆ ಕೆ.ಜಿ.ಸೆಂ.ಮೀ.ಗೆ ಇಳಿಯಿತು. ಅಂದರೆ ಆರರಲ್ಲಿ ಒಂದು ಪಾಲು. ಖರ್ಚು ಒಂದು ಹಿಡಿ ಮರಳಿನದು.

ಪೂರ್ತಿ ಸಮತೂಕ ಮಾಡದೆ ೩ರಷ್ಟು ಉಳಿಸಿದ್ದೇಕೆ ಎಂದು ಕೇಳಬಹುದು. ಕೂಡುಜಾಗಗಳಲ್ಲಿ ಸ್ವಲ್ಪ ಸಡಿಲು ಇದ್ದೇ ಇರುವುದು. ಭಾರವು ಸದಾ ಒಂದೇ ಕಡೆಗೆ ಒರಗಿದ್ದರೆ ಆ ಸಡಿಲಿನಿಂದ ಟಕಟಕ ಶಬ್ದ ಬರುವುದಿಲ್ಲ; ಕೈಯೂ ನಡುಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿರಿ: ಮೋಟಾರನ್ನು ಜೋಡಿಸುವ ಮೊದಲು ಅಂಗವನ್ನು ಕಿರುಬೆರಳಿನಿಂದ ಎತ್ತಿ ನೋಡಿರಿ. ಸರಾಗವಾಗಿ ಎದ್ದರೆ ಮೋಟಾರು ಹಾಕಬಹುದು. ಕಿರುಬೆರಳಿಗೆ ಆಗದಿದ್ದರೆ ತೂಕವನ್ನು ಸರಿಪಡಿಸಿರಿ. ದೊಡ್ಡ ಮೋಟಾರನ್ನು ಹುಡುಕಿಕೊಂಡು ಹೋಗಬೇಡಿರಿ.

ಹಗುರದ ವಿಷಯದಲ್ಲಿ ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರೇ ನಮಗೆ ಗುರುಗಳು. ಅವರು ಹಗುರಾದ ಮರವನ್ನು ಆರಿಸಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಮುಂತಾದುವುಗಳ ಮಿಶ್ರಣದಿಂದ ಗೊಂಬೆಗೆ ಆಕಾರ ತುಂಬುವರು. ನಮಗೆ ಹಳೆಯ ಪತ್ರಿಕೆಗಳು ಸಾಕು. ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಿನಲ್ಲಿ ಕುದಿಸಿದರೆ ಒಳ್ಳೆಯ ಅಂಟು ಸಿದ್ಧವಾಗುವುದು. ಮೈದಾ ಅಂಟೂ ಆದೀತು. ಪತ್ರಿಕೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ, ಗಡಿಗೆಯ ಮೇಲೆ ಏಳೆಂಟು ಪದರು ಹಚ್ಚಿ, ಚೆನ್ನಾಗಿ ಒಣಗಿಸಿ, ಸೀಳಿ ತೆಗೆದು ಮತ್ತೆ ಕೂಡಿಸಿದರೆ ತಲೆ ಆಯಿತು. ಮಳೆಗಾಲವಾದುದರಿಂದ ಒಣಗಲು ಮೂರು ನಾಲ್ಕು ದಿನ ಹಿಡಿಯುವುದು. ಹಸಿಯಿರುವಾಗಲೇ ಬಣ್ಣ ಹಚ್ಚಿದರೆ ಒಳಗೆ ಬೂಷ್ಟು ಹಿಡಿಯುವುದು.

೪. ಕುಂಭಕರ್ಣನ ಹೊಟ್ಟೆ

ಮೊದಲ ಸಲ ಮಾಡುವವರು ಮಲಗಿದ ಕುಂಭಕರ್ಣನಿಂದ ಆರಂಭಿಸುವುದು ಲೇಸು. ಅವನಿಗೆ ಕೈಕಾಲು ಆಡಿಸುವ ತೊಂದರೆಯಿಲ್ಲ. ಹೊಟ್ಟೆಯೊಂದು ಏರಿ ಇಳಿದರೆ ಸಾಕು.

ಒಂದು ಹಳೆಯ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿರಿ. ಅದೇ ಹೊಟ್ಟೆ. ಅದರ ಒಂದು ಅಂಚನ್ನು ಕೆಳಗಿನ ಹಲಗೆಗೆ ಎರಡು ಬಾಗಿಲ ಕೀಲುಗಳಿಂದ ಕೂಡಿಸಿರಿ. ಎದುರಿನ ಅಂಚನ್ನು ಸರಳಿನಿಂದ ಕ್ರ್ಯಾಂಕಿಗೆ ಕೂಡಿಸಿರಿ. ಮೇಲೆ ಹಳೆಯ ಪಂಚೆಯನ್ನು ಸ್ವಲ್ಪ ಸಡಿಲಾಗಿ ಹೊದಿಸಿರಿ. ಕಾಲು, ಎದೆಗಳಿಗೆ ಹಳೆಯ ಬಟ್ಟೆ ತುಂಬಿದ ಚೀಲಗಳು ಆಗುವುವು.

ಬುಟ್ಟಿ ೧ ಕೆ.ಜಿ. ತೂಗಿ, ೬೦ ಸೆಂ.ಮೀ. ಅಗಲವಿದ್ದರೆ ತೂಕದ ಮಧ್ಯವು ಕೀಲಿನಿಂದ ೩೦ ಸೆಂ.ಮೀ.ನಲ್ಲಿರುವುದು. ನಾವು ಎತ್ತುವುದು ೬೦ ಸೆಂ.ಮೀ. ದೂರದ ಅಂಚನ್ನು. ಆದುದರಿಂದ ಅರ್ಧ ಕೆ.ಜಿ. ಬಲವೇ ಸಾಕು. ೩ ಸೆಂ.ಮೀ. ಕ್ರ್ಯಾಂಕು ಅಂಚನ್ನು ೬ ಸೆಂ.ಮೀ. ಎತ್ತಿ ಇಳಿಸುವುದು, ಮೋಟಾರಿನ ಮೇಲೆ ಬೀಳುವ ಭಾರ ಒಂದೂವರೆ ಕೆ.ಜಿ.ಸೆಂ.ಮೀ. ಮಾತ್ರ. ಅದೇ ಬುಟ್ಟಿಯನ್ನು ಕೀಲಿನ ಹತ್ತಿರ, ೧೦ ಸೆಂ.ಮೀ.ನಲ್ಲಿ ಎತ್ತಲು ಹೋದರೆ ಮೂರು ಕೆ.ಜಿ. ಬಲ ಬೇಕಾಗುವುದು. ಎಲ್ಲಿ ಕೈಹಾಕಿ ಎತ್ತಬೇಕೆಂಬುದನ್ನು ಗಿರಣಿಯ ಹಮಾಲರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರು ಮೂಟೆಯ ತುದಿಯನ್ನೇ ಹಿಡಿಯುವರು.

ಇನ್ನು ವೇಗದ ಮಾತು. ನಿದ್ದೆಯಲ್ಲಿರುವ ಸಾಮಾನ್ಯ ಮನುಷ್ಯನು ನಿಮಿಷಕ್ಕೆ ಹದಿನೈದರ ಆಸುಪಾಸು ಉಸಿರಾಡುವನು. ಕುಂಭಕರ್ಣನಿಗೆ ಹತ್ತು ಸಾಕು. ನಿಮಿಷಕ್ಕೆ ೧೦ ಸುತ್ತಿನ ಗೇರ್ ಮೋಟಾರು ಸಿಕ್ಕರೆ ನೇರವಾಗಿ ಜೋಡಿಸಬಹುದು. ವೈಪರ್ ಮೋಟಾರು ನಿಧಾನದಲ್ಲಿಯೂ ಸುಮಾರು ೪೫ ಸುತ್ತು ತಿರುಗುವುದು. ಅದನ್ನು ಹಾಗೆಯೇ ಜೋಡಿಸಿದರೆ ಕುಂಭಕರ್ಣನು ನಿದ್ದೆ ಮಾಡಿದಂತೆ ಕಾಣದೆ ಓಡಿಬಂದ ನಾಯಿ ಏದಿದಂತೆ ಕಾಣುವನು. ಗಿರಣಿಯಲ್ಲಿ ಬೆಲ್ಟು, ಗಾಲಿಗಳನ್ನು ಕಂಡವರು ಉಪಾಯವನ್ನು ತಾವೇ ಹೇಳುವರು. ಮೋಟಾರಿಗೆ ೨ ಅಂಗುಲದ ಗಾಲಿ, ಎದುರಿಗೆ ೮ ಅಂಗುಲದ ಗಾಲಿ ಹಾಕಿ ಬೆಲ್ಟು ಕಟ್ಟಿದರೆ ವೇಗವು ನಾಲ್ಕರಲ್ಲಿ ಒಂದಾಗಿ ಸುಮಾರು ೧೧ಕ್ಕೆ ಇಳಿಯುವುದು. ಬಲವೂ ಹೆಚ್ಚುವುದು.

ತಲೆ ತಿರುಗಿಸುವ ಗೊಂಬೆಗೂ ಇದೇ ಕ್ರ್ಯಾಂಕು ಸಾಕು. ಅಡ್ಡಲಾಗಿ ಮಲಗಿಸಿ ಜೋಡಿಸಬೇಕಷ್ಟೆ. ಕುತ್ತಿಗೆಗೆ ವಿದ್ಯುತ್ ವೈರಿಂಗಿನ ೨೫ ಮಿ.ಮೀ. ಪೈಪನ್ನು ನಿಲ್ಲಿಸಿ, ಅದರೊಳಗೆ ೨೦ ಮಿ.ಮೀ. ಪೈಪನ್ನು ಇಳಿಬಿಟ್ಟು, ತಲೆಯನ್ನು ಒಳಪೈಪಿಗೆ ಕೂಡಿಸಿರಿ. ಭೀಮನು ಉಣ್ಣುತ್ತಿರುವಾಗ ಬಕಾಸುರನು ತಲೆಯನ್ನು ಆಚೆ ಈಚೆ ತಿರುಗಿಸಿ ನೋಡುವಂತೆ ಮಾಡಬಹುದು.

೫. ಸಾಮಾನು ಎಲ್ಲಿ, ಹೇಗೆ

ಹೊಸ ೧೨ ವೋಲ್ಟಿನ ಗೇರ್ ಮೋಟಾರು, ಅಡಾಪ್ಟರು, ಫ್ಯೂಜು ಇವು ಕೋಠಿಯ ಗುಜರಾತಿ ಗಲ್ಲಿಯ ಅಂಗಡಿಗಳಲ್ಲಿ ಸಿಗುವುವು. ಬೆಲ್ಟು, ಗಾಲಿಗಳಿಗೆ ರಾಣಿಗಂಜಿನ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೆಯ ವೈಪರ್ ಮೋಟಾರು ಮುರಿದ ಕಾರುಗಳ ಸಾಮಾನು ಮಾರುವವರಲ್ಲಿ ದೊರೆಯುವುದು. ಹಳೆಯದನ್ನು ಕೊಳ್ಳುವಾಗ ಅಲ್ಲಿಯೇ ೧೨ ವೋಲ್ಟಿನ ಬ್ಯಾಟರಿಗೆ ಹಚ್ಚಿ ಎರಡು ನಿಮಿಷ ಓಡಿಸಿ ನೋಡಿರಿ. ಕರಕರ ಶಬ್ದ ಬಂದರೆ, ಹೊಗೆಯ ವಾಸನೆ ಬಂದರೆ, ಅಚ್ಚು ಅಳ್ಳಾಡಿದರೆ ಬಿಟ್ಟುಬಿಡಿ. ಅನೇಕ ವೈಪರ್ ಮೋಟಾರುಗಳಲ್ಲಿ ಲೋಹದ ಮೈಯೇ ಒಂದು ತಂತಿಯ ಕೆಲಸ ಮಾಡುವುದು. ಆದಕಾರಣ ಅದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿಯದೆ ಮರದ ಹಲಗೆಗೆ ಬಿಗಿಯಿರಿ.

ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ನಿಧಾನವಾಗಿ ತಿರುಗುವುದರಿಂದ ಕೆಲವರು ಅದನ್ನು ಆಸೆಪಡುವರು. ಅದರಲ್ಲಿ ೨೩೦ ವೋಲ್ಟಿನವು ಹಲವು. ಮೇಜಿನ ಫ್ಯಾನಿನ ಮೋಟಾರೂ ಅಂಥದೇ. ಮಕ್ಕಳು ಮುಟ್ಟುವ ಗೊಂಬೆಯೊಳಗೆ ಇವು ಕೂಡದು.

೬. ವಿದ್ಯುತ್ತಿನ ವಿಷಯ

೨೦೨೫ರ ಆಗಸ್ಟ್ ತಿಂಗಳಲ್ಲಿ ನಮ್ಮ ನಗರದ ರಾಮಂತಾಪುರದ ಗೋಕುಲನಗರದಲ್ಲಿ ಕೃಷ್ಣಾಷ್ಟಮಿಯ ರಥಕ್ಕೆ ಮೇಲಿನ ತಂತಿಯಿಂದ ವಿದ್ಯುತ್ತು ಹರಿದು ಐವರು ತೀರಿಕೊಂಡರು. ಹಬ್ಬದ ದಿನ ಮನೆಯಿಂದ ಹೊರಟವರು ಅವರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ನಿಯಮಗಳನ್ನು ಓದಬೇಕು.

ಒಂದು: ೨೩೦ ವೋಲ್ಟು ಅಡಾಪ್ಟರಿನವರೆಗೆ ಮಾತ್ರ. ಅಡಾಪ್ಟರನ್ನು ನೆಲದಿಂದ ಎತ್ತರದಲ್ಲಿ, ಮಳೆ ತಾಗದ, ಆದರೆ ಗಾಳಿಯಾಡುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಅಲ್ಲಿಂದ ಗೊಂಬೆಗೆ ಹೋಗುವುದು ೧೨ ವೋಲ್ಟಿನ ತಂತಿಯೊಂದೇ. ಅಡಾಪ್ಟರು ಐ.ಎಸ್.ಐ. ಅಥವಾ ಬಿ.ಐ.ಎಸ್. ಗುರುತಿನದಾಗಿರಲಿ.

ಎರಡು: ಮಂಟಪದ ಮುಖ್ಯ ತಂತಿಗೆ ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿನಿಂದ ಹಾಕಿಸಬೇಕು. ಹೋದಷ್ಟು ವಿದ್ಯುತ್ತು ಮರಳಿ ಬಾರದೆ ಎಲ್ಲಿಯೋ ನೆಲಕ್ಕೆ ಸೋರಿದರೆ ಈ ಸ್ವಿಚ್ಚು ಕಣ್ಣು ಮಿಟುಕುವುದರೊಳಗೆ ತಾನೇ ಆರುವುದು. ಬಲ್ಬಿನ ಸರಗಳಿಗಾದರೂ ಇದು ಬೇಕೇ ಬೇಕು. ಕಂಬದ ತಂತಿಗೆ ಕೊಕ್ಕೆ ಹಾಕುವುದು ಅಪರಾಧ. ಅದಕ್ಕಿಂತ ಮಿಗಿಲಾಗಿ ಅದು ಸಾವಿನ ಜೊತೆ ಸರಸ.

ಮೂರು: ೧೨ ವೋಲ್ಟಿನ ತಂತಿಗೂ ಅಡಾಪ್ಟರಿನ ಅಥವಾ ಬ್ಯಾಟರಿಯ ಹತ್ತಿರವೇ ಫ್ಯೂಜು ಇರಬೇಕು. ಸಣ್ಣ ಗೇರ್ ಮೋಟಾರಿಗೆ ೨ ಆಂಪಿಯರು, ವೈಪರ್ ಮೋಟಾರಿಗೆ ೫ ಆಂಪಿಯರು. ಕಾರಣವನ್ನು ತಿಳಿಯಿರಿ. ತಿರುಗುವ ಮೋಟಾರು ತನ್ನೊಳಗೆ ತಾನೇ ಎದುರು ವೋಲ್ಟನ್ನು ಹುಟ್ಟಿಸಿ ವಿದ್ಯುತ್ತನ್ನು ತಡೆಯುತ್ತಿರುವುದು. ಕೈ ಸಿಕ್ಕಿಬಿದ್ದು ಮೋಟಾರು ನಿಂತರೆ ಆ ತಡೆ ಇಲ್ಲವಾಗುವುದು. ಎರಡು ಮೂರು ಆಂಪಿಯರು ತಿನ್ನುತ್ತಿದ್ದ ವೈಪರ್ ಮೋಟಾರು ಹತ್ತಕ್ಕೂ ಮೀರಿ ತಿನ್ನುವುದು. ತಂತಿ ಕಾಯುವುದು, ಮೇಲಿನ ಬಟ್ಟೆ ಹೊತ್ತಿಕೊಳ್ಳುವುದು. ೧೨ ವೋಲ್ಟು ಆಘಾತ ಕೊಡದಿದ್ದರೂ ಬೆಂಕಿಯನ್ನು ಕೊಡಬಲ್ಲದು ಎಂಬುದನ್ನು ಮರೆಯಬಾರದು.

ನಾಲ್ಕು: ಕ್ರ್ಯಾಂಕು, ಬೆಲ್ಟುಗಳನ್ನು ಹಲಗೆಯಿಂದ ಮುಚ್ಚಬೇಕು. ಹೆಣ್ಣುಮಕ್ಕಳ ಜಡೆ, ಸೆರಗು, ಎಳೆಯರ ಬೆರಳು ಇವು ಅಲ್ಲಿಗೆ ಹೋಗದಂತೆ ಗೊಂಬೆಯ ಮುಂದೆ ಮೂರು ಅಡಿ ಜಾಗ ಬಿಟ್ಟು ಹಗ್ಗ ಕಟ್ಟಿರಿ.

ಐದು: ವಿಸರ್ಜನೆಯ ದಿನ ಗೊಂಬೆಯನ್ನು ಬಂಡಿಯ ಮೇಲೆ ಒಯ್ಯುವುದಾದರೆ ಎತ್ತಿದ ಕೈ, ಗದೆ, ಬಾವುಟದ ಕೋಲು ಎಲ್ಲವನ್ನೂ ಮೊದಲೇ ಇಳಿಸಿರಿ. ದಾರಿಯ ತಂತಿಗಳ ಎತ್ತರವನ್ನು ಹಿಂದಿನ ದಿನವೇ ನಡೆದು ನೋಡಿಕೊಂಡು ಬನ್ನಿರಿ. ಅಡ್ಡ ಬಂದ ತಂತಿಯನ್ನು ಕೋಲಿನಿಂದ ಎತ್ತುವ ಸಾಹಸ ಯಾರೂ ಮಾಡಕೂಡದು, ಬಂಡಿಯೇ ನಿಲ್ಲಲಿ.

೭. ಆಡಿಸುವ ಹದ

ಗೊಂಬೆ ದಿನವಿಡೀ ಆಡುತ್ತಿದ್ದರೆ ನೋಡುವವರಿಗೂ ಬೇಸರ, ಮೋಟಾರಿಗೂ ದಣಿವು. ಹತ್ತು ಸೆಕೆಂಡು ಆಡಿ ಅರ್ಧ ನಿಮಿಷ ಸುಮ್ಮನಿರಲಿ. ೧೨ ವೋಲ್ಟಿನ ತಂತಿಯಲ್ಲಿ ಒಂದು ಒತ್ತುಗುಂಡಿಯನ್ನಿಟ್ಟು, ಅದನ್ನು ಒಬ್ಬ ಹುಡುಗನ ಕೈಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಟೈಮರು ಬೇಕಾಗಿಲ್ಲ. ಕುಂಭಕರ್ಣನು ಬರಿಯ ಗೊಂಬೆಯೆಂದು ನಂಬಿ ಮಕ್ಕಳು ಹತ್ತಿರ ಬಂದಾಗ ಹೊಟ್ಟೆ ಏಳಬೇಕು. ಹ್ಯಾಲೋವೀನಿನ ಭೂತದ ಗುಟ್ಟೂ ಇದೇ.

ಬಾಡಿಗೆಯ ಒಂದೇ ಕೋಣೆಯಲ್ಲಿ ಇರುವವರಿಗೆ ಇದನ್ನೆಲ್ಲ ಮಾಡಲು ಜಾಗವೆಲ್ಲಿ ಎಂಬ ಪ್ರಶ್ನೆ ಏಳುವುದು ಸಹಜ. ಒಬ್ಬರು ತಲೆ, ಒಬ್ಬರು ಕೈ, ಒಬ್ಬರು ಮೋಟಾರಿನ ಹಲಗೆ ಎಂದು ಹಂಚಿಕೊಂಡು ಮಾಡಿ ಕೊನೆಯ ದಿನ ಕೂಡಿಸಬಹುದು. ಹಬ್ಬ ಮುಗಿದ ಮೇಲೆ ಕಾಗದದ ಮೈಯನ್ನು ಬಿಟ್ಟು, ಮೋಟಾರು, ಕ್ರ್ಯಾಂಕು, ಅಡಾಪ್ಟರುಗಳನ್ನು ಬಿಚ್ಚಿ ಒರೆಸಿ ಡಬ್ಬಿಯಲ್ಲಿ ಕಟ್ಟಿಡಿರಿ. ಮುಂದಿನ ವರ್ಷ ಖರ್ಚು ಅಂಟಿಗೂ ಬಣ್ಣಕ್ಕೂ ಮಾತ್ರ. ಈ ಕೆಲಸದಲ್ಲಿ ಜೊತೆಗಿದ್ದ ಹುಡುಗನಿಗೆ ಶಾಲೆಯ ಪುಸ್ತಕದ ಸನ್ನೆಯ ಪಾಠ ಮತ್ತೆ ಮರೆಯುವುದಿಲ್ಲ.

ಅಭ್ಯಾಸ

(೧) ಗೊಂಬೆಯ ಕೈ ೪೦೦ ಗ್ರಾಂ ಇದೆ. ತೂಕದ ಮಧ್ಯವು ಕೀಲಿನಿಂದ ೨೫ ಸೆಂ.ಮೀ. ದೂರ. ಹಿಂದಕ್ಕೆ ೧೦ ಸೆಂ.ಮೀ.ನಲ್ಲಿ ಎಷ್ಟು ತೂಕ ಕಟ್ಟಿದರೆ ಪೂರ್ತಿ ಸಮತೂಕವಾಗುವುದು?

(೨) ನಿಮಿಷಕ್ಕೆ ೬೦ ಸುತ್ತಿನ ಮೋಟಾರಿಗೆ ೨ ಅಂಗುಲದ ಗಾಲಿ, ಎದುರಿಗೆ ೬ ಅಂಗುಲದ ಗಾಲಿ ಇದೆ. ದೊಡ್ಡ ಗಾಲಿಯ ಸುತ್ತುಗಳೆಷ್ಟು?

(೩) ಕ್ರ್ಯಾಂಕು ೫ ಸೆಂ.ಮೀ., ಸನ್ನೆ ೪ ಸೆಂ.ಮೀ. ಇಟ್ಟರೆ ಏನಾಗುವುದು? ಕಾರಣವನ್ನು ರಟ್ಟಿನ ಪಟ್ಟಿಗಳಿಂದ ಮಾಡಿ ನೋಡಿ ಬರೆಯಿರಿ.

ಮೊದಲ ಎರಡರ ಉತ್ತರ: ೧ ಕೆ.ಜಿ.; ೨೦ ಸುತ್ತು. ಮೂರನೆಯದನ್ನು ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಿದವರಿಗೆ ತಿದ್ದಿ ಕೊಡಲಾಗುವುದು.